ಉಳುಕಿಗೆ ಎಡಗಾಲು, ಗಂಟಲಿಗೆ ಉಪ್ಪುನೀರು

ನಾನು ಕಾಲು ಮುಂದಾಗಿ ಹುಟ್ಟಿದವಳು. ಇದರಲ್ಲಿ ನನ್ನ ಸಾಧನೆ ಏನೂ ಇಲ್ಲ. ಕಷ್ಟಪಟ್ಟದ್ದು ಅವ್ವ, ಹೆಸರು ಬಂದದ್ದು ನನಗೆ. ಹಾಗೆ ಹುಟ್ಟಿದವರ ಕಾಲಿಗೆ ಉಳುಕು ತೆಗೆಯುವ ಶಕ್ತಿ ಇರುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಸೊಂಟ ಹಿಡಿದವರು, ಕತ್ತು ತಿರುಗಿಸಲಾಗದವರು, ತೆಂಗಿನ ಮರದಿಂದ ಇಳಿಯುವಾಗ ಕೊನೆಯ ಮೂರಡಿಯನ್ನು ಅವಸರಕ್ಕೆ ಹಾರಿ ಪಾದ ತಿರುಚಿಕೊಂಡವರು, ಎಲ್ಲರೂ ನನಗೆ ಐದು ವರ್ಷ ತುಂಬಿದಾಗಿನಿಂದ ನಮ್ಮ ಮನೆಯ ಜಗಲಿಯ ಮೇಲೆ ಬಂದು ಬೋರಲು ಮಲಗಿದ್ದಾರೆ.

ಇದಕ್ಕೆ ಕಟ್ಟುಪಾಡುಗಳಿವೆ. ಭಾನುವಾರ ಇಲ್ಲವೇ ಗುರುವಾರ ಆಗಬೇಕು, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ. ಎಡಗಾಲು ತೊಳೆದುಕೊಂಡು ನೋವಿರುವ ಜಾಗದ ಮೇಲೆ ಮೂರು ಸಲ ಇಡಬೇಕು. ಇಡುವವಳೂ ಇಡಿಸಿಕೊಳ್ಳುವವರೂ ಬಾಯಿ ಬಿಡಬಾರದು. ದುಡ್ಡು ಮುಟ್ಟುವ ಹಾಗಿಲ್ಲ, ತೆಂಗಿನಕಾಯಿ ಕೊಟ್ಟರೆ ತಗೊಳ್ಳಬಹುದು. ಕೊನೆಯ ಕಟ್ಟುಪಾಡನ್ನು ಅವ್ವನೇ ಸೇರಿಸಿದಳು ಅಂತ ನನ್ನ ಗುಮಾನಿ: ವಯಸ್ಸಿನಲ್ಲಿ ದೊಡ್ಡವರಿಗೆ ಕಾಲು ತಾಗಿಸಿದ ಮೇಲೆ ಆ ತಪ್ಪಿಗೆ ಬಗ್ಗಿ ಅವರ ಪಾದ ಮುಟ್ಟಿ ನಮಸ್ಕಾರ ಮಾಡಬೇಕು. ಹಾಗಾಗಿ ನನ್ನ ಬಾಲ್ಯದ ಭಾನುವಾರಗಳೆಲ್ಲ ಊರಿನ ಹಿರಿಯರನ್ನು ತುಳಿಯುವುದರಲ್ಲಿ, ಆಮೇಲೆ ಅವರ ಕಾಲಿಗೆ ಬೀಳುವುದರಲ್ಲಿ ಕಳೆದವು. ಚಿಕ್ಕವರಿಗೆ ಬೀಳಬೇಕಾಗಿಲ್ಲ. ಚಿಕ್ಕವರು ಬಂದರೆ ನನಗೆ ಅರ್ಧ ಕೆಲಸ ಕಡಿಮೆ.

ನನ್ನ ಎರಡನೆಯ ಕಸುಬಿಗೆ ಸರ್ಟಿಫಿಕೇಟ್ ಇದೆ. ಚಿತ್ರದುರ್ಗದಲ್ಲಿ ಲ್ಯಾಬ್ ಟೆಕ್ನಿಶಿಯನ್ ಡಿಪ್ಲೊಮಾ ಮಾಡಿ, ಹದಿನಾಲ್ಕು ವರ್ಷದಿಂದ ಹೊಸದುರ್ಗದ ಒಂದು ಸಣ್ಣ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಕೆಳಗೆ ಡಾಕ್ಟರಮ್ಮನ ಕ್ಲಿನಿಕ್ಕು, ಮೇಲೆ ನಮ್ಮ ಲ್ಯಾಬು, ನಡುವೆ ಇಪ್ಪತ್ತೆರಡು ಮೆಟ್ಟಿಲು. ಮೊದಲೇ ಸುಸ್ತಾಗಿ ಬಂದವರನ್ನು ಇಪ್ಪತ್ತೆರಡು ಮೆಟ್ಟಿಲು ಹತ್ತಿಸಿ ರಕ್ತ ತೆಗೆಯುವ ಏರ್ಪಾಡು ಯಾರ ತಲೆಗೆ ಹೊಳೆಯಿತೋ ಗೊತ್ತಿಲ್ಲ. ಸರ್ಟಿಫಿಕೇಟನ್ನು ಮೆಟ್ಟಿಲು ಮುಗಿಯುವ ಕಡೆ ಗೋಡೆಗೆ ಹಾಕಿದ್ದಾರೆ. ಏದುಸಿರು ಬಿಡುತ್ತ ನಿಂತವರು ಅದನ್ನು ಪೂರ್ತಿ ಓದುತ್ತಾರೆ.

ಕಾಲಿನ ವಿಷಯದಲ್ಲಿ ನನಗೆ ನಂಬಿಕೆ ಇತ್ತೇ ಎಂದು ಕೇಳಿದರೆ, ಇರಲಿಲ್ಲ. ಉಳುಕು ನಾಲ್ಕೈದು ದಿನದಲ್ಲಿ ತಾನಾಗಿಯೇ ಹೋಗುತ್ತದೆ, ಅಷ್ಟರೊಳಗೆ ನನ್ನ ಕಾಲಿನ ಸರದಿ ಬಂದಿರುತ್ತದೆ, ಅಷ್ಟೇ. ಹಾಗಾದರೆ ಬೇಡ ಅನ್ನಬಹುದಿತ್ತಲ್ಲ? ಅವ್ವನ ಎದುರು ಬೇಡ ಅನ್ನುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಜೊತೆಗೆ, ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಜಂಬವೂ ಇತ್ತು. ಲ್ಯಾಬಿನಲ್ಲಿ ಸೂಜಿ ಹಿಡಿದರೆ ಮುಖ ಸಿಂಡರಿಸುವ ಜನ ಊರಿನಲ್ಲಿ ನನ್ನ ಪಾದಕ್ಕಾಗಿ ಸಾಲು ಹಚ್ಚಿ ಕೂರುತ್ತಿದ್ದರು.

ಇನ್ನು ಎಎಸ್‌ಓ ಟೆಸ್ಟಿನ ವಿಷಯ. ಇದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಗಂಟಲಿಗೆ ಸ್ಟ್ರೆಪ್ಟೋಕಾಕಸ್ ಎನ್ನುವ ಒಂದು ಬ್ಯಾಕ್ಟೀರಿಯಾ ಬರುತ್ತದೆ. ನಾಲ್ಕು ದಿನ ನೋವು, ಜ್ವರ, ಆಮೇಲೆ ಆರಾಮ. ಕೆಲವು ಮಕ್ಕಳಲ್ಲಿ ಮಾತ್ರ, ಎರಡು ಮೂರು ವಾರ ಬಿಟ್ಟು, ಅದರ ವಿರುದ್ಧ ಮೈ ತಯಾರು ಮಾಡಿಕೊಂಡ ಪ್ರತಿಕಾಯಗಳು ಗುರುತು ತಪ್ಪಿ ಆ ಮೈಯದೇ ಕೀಲುಗಳ ಮೇಲೆ, ಹೃದಯದ ಕವಾಟಗಳ ಮೇಲೆ ಹೋಗಿ ಬೀಳುತ್ತವೆ. ಅಷ್ಟು ಹೊತ್ತಿಗೆ ಗಂಟಲಲ್ಲಿ ಏನೂ ಉಳಿದಿರುವುದಿಲ್ಲ. ಟಾರ್ಚ್ ಹಾಕಿ ನೋಡಿದರೂ ಚೊಕ್ಕ ಗಂಟಲು. ಬ್ಯಾಕ್ಟೀರಿಯಾ ಬಂದು ಹೋದ ಗುರುತು ರಕ್ತದಲ್ಲಿ ಮಾತ್ರ ಇರುತ್ತದೆ. ಎಎಸ್‌ಓ ಹುಡುಕುವುದು ಅದನ್ನು.

ಮಾಡುವ ರೀತಿ ಸುಲಭ. ಕಪ್ಪು ಸ್ಲೈಡಿನ ಮೇಲೆ ರಕ್ತದ ತಿಳಿ ಒಂದು ಹನಿ, ಫ್ರಿಜ್ಜಿನಿಂದ ತೆಗೆದು ತಣುವು ಬಿಡಿಸಿದ ಹಾಲಿನ ಬಣ್ಣದ ದ್ರಾವಣ ಒಂದು ಹನಿ. ಕಡ್ಡಿಯಿಂದ ಕಲಸಿ, ಸ್ಲೈಡನ್ನು ಕೈಯಲ್ಲಿ ಹಿಡಿದು ಎರಡು ನಿಮಿಷ ಆ ಕಡೆ ಈ ಕಡೆ ವಾಲಿಸುತ್ತಿರಬೇಕು. ಹಾಲು ಹಾಲಾಗಿಯೇ ಉಳಿದರೆ ನೆಗೆಟಿವ್, ಒಡೆದ ಹಾಲಿನಂತೆ ಚೂರು ಚೂರಾದರೆ ಪಾಸಿಟಿವ್. ಎರಡು ನಿಮಿಷ ಮೀರಿ ನೋಡುತ್ತ ಕುಳಿತರೆ ಹನಿ ಒಣಗಿ ಇಲ್ಲದ ಚೂರುಗಳೂ ಕಾಣುತ್ತವೆ, ಅದಕ್ಕೇ ಟೈಮರ್ ಇಟ್ಟುಕೊಳ್ಳಬೇಕು. ವಾರಕ್ಕೆ ಒಂದೋ ಎರಡೋ ಬರುತ್ತವೆ. ಬಂದಾಗಲೆಲ್ಲ ಮಕ್ಕಳ ಅಪ್ಪಂದಿರು ಒಂದೇ ಮಾತು ಆಡುತ್ತಾರೆ: "ಮೊಣಕಾಲು ನೋವು ಅಂತ ಬಂದ್ರೆ ಗಂಟ್ಲು ವಿಚಾರ್ಸ್ತಾರಲ್ರೀ, ಇವ್ರಿಗೇನು ತಲೆ ಕೆಟ್ಟೈತಾ?" ನಾನು ಗಂಟಲಿನಿಂದ ಕೀಲಿನವರೆಗೆ ಎಲ್ಲ ವಿವರಿಸಿ ಹೇಳುತ್ತೇನೆ. ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ.

ಅಣ್ಣನ ಮನೆ ಹೊಸದುರ್ಗದಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ನಮ್ಮ ಹಳ್ಳಿಯಲ್ಲಿದೆ, ಅವ್ವ ಇರುವುದೂ ಅಲ್ಲೇ. ಅವನಿಗೆ ಒಂದಿಷ್ಟು ತೆಂಗು, ಅರವತ್ತು ಕುರಿ, ಒಬ್ಬಳೇ ಮಗಳು. ಕುರಿ ವಿಷಯದಲ್ಲಿ ಅವನಷ್ಟು ಹುಷಾರಿನ ಮನುಷ್ಯನನ್ನು ನಾನು ಕಂಡಿಲ್ಲ. ಒಂದು ಕುರಿ ಕುಂಟಿದರೆ ಸಾಕು, ಅದನ್ನು ತೊಡೆ ಸಂದಿಯಲ್ಲಿ ಹಿಡಿದು ಮೊದಲು ಬಾಯಿ ತೆಗೆಸಿ ನೋಡುತ್ತಾನೆ. ಕಾಲುಬಾಯಿ ಜ್ವರ ಬಂದ ಕುರಿಗೆ ಗೊರಸಿನ ಸಂದಿಯಲ್ಲೂ ಹುಣ್ಣು, ಬಾಯಲ್ಲೂ ಹುಣ್ಣು. ಗೊರಸನ್ನು ಆಮೇಲೆ ನೋಡುತ್ತಾನೆ.

ಮಗಳಿಗೆ ಆಗ ಹನ್ನೊಂದು ವರ್ಷ. ಶಾಲೆಯ ಖೋಖೋ ಟೀಮಿನಲ್ಲಿ ಆಡುತ್ತಿದ್ದಳು. ತಾಲೂಕು ಮಟ್ಟದ ಆಟಕ್ಕೆ ಆಯ್ಕೆಯೂ ಆಗಿತ್ತು. ಮನೆಯೊಳಗೂ ನಡೆದದ್ದು ಕಡಿಮೆ, ಓಡಿದ್ದೇ ಹೆಚ್ಚು. ನೀರು ತಗೊಂಡು ಬಾ ಎಂದರೆ ಓಡಿ ಹೋಗಿ, ಓಡಿ ಬಂದು, ಅರ್ಧ ಲೋಟ ಕೊಡುತ್ತಿದ್ದಳು.

ಒಂದು ಭಾನುವಾರ ನಾನು ಹಳ್ಳಿಗೆ ಹೋದಾಗ ಅವಳು ಜಗಲಿಯ ಮೇಲೆ ಕಾಲು ಚಾಚಿ ಕುಳಿತಿದ್ದಳು. ಬಲ ಮೊಣಕಾಲು ಊದಿತ್ತು. ನಾನು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಅವ್ವ ಒಳಗಿನಿಂದಲೇ ಕೂಗಿದಳು.

"ಖೋಖೋ ಆಡಿ ಉಳುಕಿಸ್ಕಂಡವ್ಳೆ. ಕಾಲ್ ತೊಳ್ಕಂಡು ಬಾರೇ. ಟೀ ಕುಡ್ದಿಲ್ಲ ತಾನೆ?"

ಕುಡಿದಿರಲಿಲ್ಲ. ಕಾಲು ತೊಳೆದುಕೊಂಡು ಬಂದೆ. ಪಾದ ತಾಗಿದ್ದೇ ತಡ ಹುಡುಗಿ ಕಿಟಾರನೆ ಕಿರುಚಿದಳು. "ಮಾತಾಡಬಾರ್ದು," ಎಂದು ಅವ್ವ ಗದರಿಸಿದಳು. ಎರಡನೆಯ ಸಲ ಮೆಲ್ಲಗೆ ಇಟ್ಟೆ. ಮೂರನೆಯ ಸಲ ಇಟ್ಟಂತೆ ಮಾಡಿದೆ. ನನ್ನ ಅಂಗಾಲಿಗೆ ಮೊಣಕಾಲಿನ ಬಿಸಿ ತಾಗಿತು. ಬಿಸಿಲಲ್ಲಿ ಕುಳಿತಿದ್ದಾಳೆ, ಅದಕ್ಕೆ ಅಂದುಕೊಂಡೆ. ಅವಳು ಕುಳಿತಿದ್ದದ್ದು ನೆರಳಲ್ಲಿ.

ಬುಧವಾರ ಅವ್ವನ ಫೋನು. ಮೊಣಕಾಲಿನ ಊತ ಪೂರಾ ಇಳಿದಿತ್ತು. ಉಳುಕು ಅಂದರೆ ಸ್ವಲ್ಪ ನೋವು, ಸ್ವಲ್ಪ ಕುಂಟು ಉಳಿಯಬೇಕು. ಇದು ಏನೂ ಇಲ್ಲದಂತೆ ಹೋಗಿತ್ತು. ಅವ್ವ ಆ ಸುದ್ದಿಯನ್ನು ನನಗೆ ಹೇಳುವ ಮೊದಲು ಬೀದಿಗೆಲ್ಲ ಹೇಳಿ ಮುಗಿಸಿದ್ದಳು. ನನಗೂ ಒಳಗೊಳಗೆ ಖುಷಿಯಾಯಿತು. ಇಷ್ಟು ಚೊಕ್ಕಟವಾಗಿ ಕೆಲಸ ಮಾಡಿದ್ದು ನನ್ನ ಕಾಲಿನ ಚರಿತ್ರೆಯಲ್ಲೇ ಮೊದಲು.

ಗುರುವಾರ ಎಡ ಪಾದದ ಕೀಲು ಊದಿತು. ಭಾನುವಾರ ನಾನು ಹೋದಾಗ ಹುಡುಗಿಗೆ ನೆಲಕ್ಕೆ ಹೆಜ್ಜೆ ಊರಲು ಆಗುತ್ತಿರಲಿಲ್ಲ, ಮೈಯೂ ಬೆಚ್ಚಗಿತ್ತು. ಜ್ವರದ ಮಾತ್ರೆ ಕೊಟ್ಟಿದ್ದರು. "ಉಳುಕು ಅಲ್ಲಿಂದ ಇಲ್ಲಿಗೆ ಓಡಿ ಬಂದೈತೆ," ಎಂದಳು ಅವ್ವ. "ನಿನ್ನ ಕಾಲಿಗೆ ಹೆದ್ರಿ ಓಡ್ತಾ ಐತೆ ಕಣೇ. ಬಿಡ್ಬೇಡ, ಅಟ್ಟಿಸ್ಕಂಡು ಹೋಗು." ಖೋಖೋ ಆಡುವವಳ ಉಳುಕು ತಾನೂ ಖೋಖೋ ಆಡುತ್ತಿದೆ ಎಂದು ನಾನು ನಗಾಡಿದೆ. ಹುಡುಗಿಯೂ ನಕ್ಕಳು. ಮೂರು ಸಲ ಕಾಲಿಟ್ಟೆ. ಮಂಗಳವಾರದ ಹೊತ್ತಿಗೆ ಆ ಊತವೂ ಇಳಿಯಿತು, ನೋವು ಬಲಗೈ ಮಣಿಕಟ್ಟಿಗೆ ಬಂತು.

ಈಗ ನೆನೆದರೆ ಮೈ ಉರಿಯುತ್ತದೆ. ಒಂದು ಕೀಲಿನಿಂದ ಇನ್ನೊಂದು ಕೀಲಿಗೆ ಹಾರುವ ನೋವು, ಹಿಂದಿನ ಕೀಲು ಪೂರಾ ವಾಸಿಯಾಗಿ ಮುಂದಿನದು ಊದುವುದು. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಅದಕ್ಕೆ ಮಾರ್ಕ್ಸೂ ಬಂದಿತ್ತು. ಬೇರೆಯವರ ಮಗು ಹೀಗೆ ಕುಂಟುತ್ತ ಬಂದಿದ್ದರೆ ಮೆಟ್ಟಿಲ ಮೇಲೇ ಹೇಳಿಬಿಡುತ್ತಿದ್ದೆ. ಕಾಯಿಲೆ ತನ್ನ ಪಾಡಿಗೆ ಕೀಲು ಬದಲಿಸುತ್ತಿತ್ತು, ನಾನು ಅದನ್ನು ನನ್ನ ಎಡಗಾಲಿನ ಹೆಸರಿಗೆ ಬರೆದುಕೊಂಡೆ.

ಮಂಗಳವಾರ ಮಧ್ಯಾಹ್ನ ಅಣ್ಣ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಲ್ಯಾಬಿಗೇ ಬಂದ.

"ವಾರ ಗೀರ ನೋಡಾಕೆ ಆಗಲ್ಲ," ಎಂದ. "ತಿಂದಿದ್ರೂ ಪರವಾಗಿಲ್ಲ, ಇಟ್ಬಿಡು. ಶನಿವಾರ ಆಟ ಐತೆ ಇವ್ಳದ್ದು."

"ಕೈಗೆ ಕಾಲಿಡೋದಾ ಅಣ್ಣ?"

"ಅವ್ವ ಹೇಳೈತೆ. ಇಡಬೌದಂತೆ."

ನನ್ನ ಕೈಯಲ್ಲಿ ಆಗ ಒಂದು ಸ್ಲೈಡು ಇತ್ತು, ಹೊಳಲ್ಕೆರೆ ಕಡೆಯ ಯಾವುದೋ ಮಗುವಿನ ಎಎಸ್‌ಓ. ಆಗಷ್ಟೇ ಕಲಸಿ ಟೈಮರ್ ಒತ್ತಿದ್ದೆ. "ಎರಡು ನಿಮಿಷ ಕುಂತ್ಕಳ್ರಿ," ಎಂದೆ. ಎಡಗಾಲಿನ ಚಪ್ಪಲಿಯನ್ನು ಮಾತ್ರ ಆಗಲೇ ಬಿಟ್ಟಿದ್ದೆ, ಸಮಯ ಉಳಿಯಲಿ ಎಂದು. ಸ್ಲೈಡು ವಾಲಿಸುತ್ತ ನಿಂತವಳಿಗೆ ಬೇರೆ ಏನೂ ಮಾಡಲು ಬರುವುದಿಲ್ಲ. ಮಾಡಲು ಏನೂ ಇಲ್ಲದೆ ಹುಡುಗಿಯನ್ನು ನೋಡಿದೆ. ಆ ಒಂಬತ್ತು ದಿನಗಳಲ್ಲಿ ನಾನು ಅವಳ ಮೊಣಕಾಲು ನೋಡಿದ್ದೆ, ಪಾದ ನೋಡಿದ್ದೆ, ಅವಳನ್ನು ನೋಡಿರಲಿಲ್ಲ.

ಸ್ಟೂಲಿನ ಮೇಲೆ ಕುಳಿತಿದ್ದವಳು ಏದುಸಿರು ಬಿಡುತ್ತಿದ್ದಳು. ಮೆಟ್ಟಿಲು ಹತ್ತಿದ್ದಕ್ಕೆ ಎಂದುಕೊಂಡೆ. ಒಂದು ನಿಮಿಷವಾಯಿತು, ಉಸಿರು ತಗ್ಗಲಿಲ್ಲ. ಕತ್ತಿನ ಪಕ್ಕದ ನರ ಫ್ರಾಕಿನ ಕಾಲರಿಗೆ ತಾಗಿ ತಾಗಿ ಹಾರುತ್ತಿತ್ತು. ನೀರು ತರಲು ಓಡಿ ಹೋಗಿ ಓಡಿ ಬರುವ ಹುಡುಗಿ ಇಪ್ಪತ್ತೆರಡು ಮೆಟ್ಟಿಲಿಗೆ ಹೀಗೇಕೆ ಆಗಬೇಕು?

"ಏನೇ, ನಿನಗೆ ಗಂಟ್ಲು ನೋವು ಬಂದಿತ್ತಾ?" ಎಂದು ಕೇಳಿದೆ.

"ಏ, ಇಲ್ಲ ಬಿಡು," ಎಂದ ಅಣ್ಣ. "ಗಂಟ್ಲಿಗೇನಾಗೈತೆ ಅವ್ಳಿಗೆ?"

ಹುಡುಗಿ ನನ್ನನ್ನು ಆಶ್ಚರ್ಯದಿಂದ ನೋಡಿದಳು. "ಬಂದಿತ್ತಲ್ಲ ಅತ್ತೆ. ಎಂಜ್ಲು ನುಂಗಾಕೆ ಆಗ್ತಿರಲಿಲ್ಲ. ನಾನೇ ಫೋನ್ ಮಾಡಿದ್ನಲ್ಲ ನಿಂಗೆ. ಬಿಸಿನೀರಿಗೆ ಉಪ್ಪು ಹಾಕ್ಕಂಡು ಮುಕ್ಕಳ್ಸು, ಸರಿ ಹೋಗ್ತೈತೆ ಅಂದೆ ನೀನು. ಸರಿ ಹೋಯ್ತು."

ಟೈಮರ್ ಕೂಗಿತು. ಹೊಳಲ್ಕೆರೆಯ ಮಗುವಿನದು ನೆಗೆಟಿವ್. ಬರೆದುಕೊಂಡೆ. ಬರೆದ ಅಕ್ಷರ ನನಗೇ ಓದಲು ಬಾರದಷ್ಟು ಕೆಟ್ಟದಾಗಿತ್ತು, ಇನ್ನೊಮ್ಮೆ ಬರೆದೆ. ಅವಳು ಹೇಳಿದ್ದು ನಿಜ. ಮೂರೋ ನಾಲ್ಕೋ ವಾರದ ಹಿಂದೆ, ಸ್ಯಾಂಪಲ್ಲುಗಳ ಮಧ್ಯೆ ಫೋನನ್ನು ಕಿವಿಗೂ ಹೆಗಲಿಗೂ ಸಿಕ್ಕಿಸಿಕೊಂಡು ಮಾತಾಡಿದ್ದೆ. ಉಪ್ಪುನೀರು ಅಂದಿದ್ದೆ. ಇಟ್ಟುಬಿಟ್ಟಿದ್ದೆ. ಮರೆತುಬಿಟ್ಟಿದ್ದೆ. ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು, "ಕೆಳಗೆ ಡಾಕ್ಟರ್ ಹತ್ರ ಹೋಗಾಣ, ನಡಿ," ಎಂದೆ.

"ಕಾಲಿಡಲ್ವೇನೇ?" ಎಂದ ಅಣ್ಣ.

"ಇಡಲ್ಲ."

ಡಾಕ್ಟರಮ್ಮ ಮಾತು ಕಡಿಮೆ ಆಡುವ ಹೆಂಗಸು. ಅವತ್ತು ಇನ್ನೂ ಕಡಿಮೆ ಆಡಿದರು. ಹುಡುಗಿಯ ಎದೆಗೆ ಸ್ಟೆತಾಸ್ಕೋಪು ಇಟ್ಟು ಕೇಳಿದರು, ಎಡಕ್ಕೆ ಹೊರಳಿಸಿ ಮಲಗಿಸಿ ಕೇಳಿದರು, ಫ್ಯಾನ್ ಆರಿಸಿ ಮತ್ತೆ ಕೇಳಿದರು. ಫ್ಯಾನ್ ಆರಿಸಿದ್ದು ಕಂಡು ನಾನು ಹೋಗಿ ಬಾಗಿಲು ಮುಚ್ಚಿದೆ. ಚೀಟಿಯಲ್ಲಿ ಇಸಿಜಿ, ಇಎಸ್ಆರ್, ಸಿಆರ್‌ಪಿ ಬರೆದು, ಕೊನೆಗೆ ಎಎಸ್‌ಓ ಬರೆದು ಅದರ ಅಡಿಗೊಂದು ಗೆರೆ ಎಳೆದರು. "ಇವಳನ್ನ ಮತ್ತೆ ಮೆಟ್ಟಿಲು ಹತ್ತಿಸಬೇಡಿ. ನೀವೇ ಕೆಳಗೆ ಬಂದು ರಕ್ತ ತಗೊಳ್ಳಿ," ಎಂದರು. ಹದಿನಾಲ್ಕು ವರ್ಷದಲ್ಲಿ ಆ ಮಾತನ್ನು ಅವರು ಯಾರ ಬಗ್ಗೆಯೂ ಹೇಳಿದ್ದು ನಾನು ಕೇಳಿರಲಿಲ್ಲ.

ರಕ್ತ ತೆಗೆಯುವಾಗ ಮೊದಲ ಸಲಕ್ಕೇ ನರ ಸಿಕ್ಕಿತು. ಕೈಗೆ ಅಭ್ಯಾಸವಿದೆ, ಅದಕ್ಕೆ ಸಂಬಂಧ ಗಿಂಬಂಧ ತಿಳಿಯುವುದಿಲ್ಲ. ರಕ್ತ ಹೆಪ್ಪುಗಟ್ಟುವವರೆಗೆ ಕಾದು, ಮೆಷೀನಿನಲ್ಲಿ ತಿರುಗಿಸಿ, ಮೇಲಿನ ತಿಳಿಯ ಒಂದು ಹನಿಯನ್ನು ಕಪ್ಪು ಸ್ಲೈಡಿನ ಮೇಲೆ ಬಿಟ್ಟೆ. ಹಾಲು ಹಾಲಾಗಿಯೇ ಇರಲಪ್ಪಾ ಎಂದು ಯಾವ ದೇವರೆಂದು ಗೊತ್ತುಮಾಡದೆ ಬೇಡಿಕೊಂಡೆ. ಎರಡು ನಿಮಿಷ ಬೇಕಾಗಲಿಲ್ಲ. ಅರ್ಧ ನಿಮಿಷಕ್ಕೇ ಒಡೆಯಿತು.

ದ್ರಾವಣ ಕೆಟ್ಟಿರಬೇಕು ಎಂದುಕೊಂಡೆ. ಹೊಸ ಕಿಟ್ ಒಡೆದೆ. ಅದರ ಜೊತೆ ಬರುವ ಮಾದರಿ ಹನಿಗಳನ್ನೂ ಪಕ್ಕದಲ್ಲಿಟ್ಟೆ. ನೆಗೆಟಿವ್ ಮಾದರಿ ಹಾಲಿನಂತೆ ನೆಮ್ಮದಿಯಾಗಿತ್ತು, ಪಾಸಿಟಿವ್ ಮಾದರಿ ಒಡೆದಿತ್ತು, ನಮ್ಮ ಹುಡುಗಿಯದು ಅದಕ್ಕಿಂತ ಜೋರಾಗಿ ಒಡೆದಿತ್ತು. ಎಷ್ಟಿದೆ ಎಂದು ಅಳೆಯಲು ರಕ್ತದ ತಿಳಿಯನ್ನು ಪ್ರತಿ ಸಲ ಒಂದಕ್ಕೆರಡು ಮಾಡಿ ತೆಳುಗೊಳಿಸಿ ನೋಡಬೇಕು. ಮೊದಲ ಮೆಟ್ಟಿಲು ಇನ್ನೂರು, ಅದು ಮಾಮೂಲಿನ ಮಿತಿ, ಅಲ್ಲಿ ಒಡೆಯಿತು. ನಾನೂರು, ಒಡೆಯಿತು. ಎಂಟುನೂರು, ಅಲ್ಲೂ ಒಡೆಯಿತು. ಅದರಾಚೆಯದು ಮಾತ್ರ ಹಾಲಾಗಿ ಉಳಿಯಿತು. ನನಗೆ ನೆನಪಿರದಿದ್ದ ಫೋನು, ಅಣ್ಣ ಇಲ್ಲ ಎಂದ ಗಂಟಲು ನೋವು, ಎಲ್ಲ ಆ ಹನಿಯಲ್ಲಿ ಇತ್ತು. ರಿಪೋರ್ಟಿನಲ್ಲಿ ಎಂಟುನೂರು ಎಂದು ಬರೆದು, ಸಹಿ ಹಾಕಿ, ನಾನೇ ಕೆಳಗೆ ಒಯ್ದೆ.

ಡಾಕ್ಟರಮ್ಮ ಅಣ್ಣನನ್ನು ಕೂರಿಸಿ ನಿಧಾನವಾಗಿ ಹೇಳಿದರು. "ಈ ಟೆಸ್ಟ್ ಹೃದಯ ಕೆಟ್ಟಿದೆ ಅಂತ ಹೇಳಲ್ಲ. ಗಂಟಲಿಗೆ ಆ ಬ್ಯಾಕ್ಟೀರಿಯಾ ಬಂದು ಹೋಗಿತ್ತು ಅಂತ ಮಾತ್ರ ಹೇಳುತ್ತೆ. ಆದರೆ ಕೀಲು ಒಂದಾದ ಮೇಲೊಂದು ಊದಿವೆ, ಜ್ವರ ಇದೆ, ಎದೆಯಲ್ಲಿ ಒಂದು ಶಬ್ದ ಕೇಳ್ತಿದೆ. ಎಲ್ಲ ಸೇರಿಸಿದರೆ ಇದು ರುಮ್ಯಾಟಿಕ್ ಜ್ವರ. ಇವತ್ತೇ ಚಿತ್ರದುರ್ಗಕ್ಕೆ ಕರ್ಕೊಂಡು ಹೋಗಿ. ಎಕೋ ಆಗಬೇಕು, ಹೃದಯದ ಸ್ಕ್ಯಾನ್."

"ಕಾಲು ಊದಿದ್ದು ಗಂಟ್ಲಿಂದಾನಾ ಮೇಡಂ?"

"ಹೌದು, ಗಂಟಲಿಂದ."

ಅಣ್ಣ ಈ ಮಾತಿಗೆ ನಗುತ್ತಾನೆ, ತಲೆ ಕೆಟ್ಟೈತಾ ಎನ್ನುತ್ತಾನೆ ಎಂದು ನಾನು ಕಾದಿದ್ದೆ. ಅವನು ನನ್ನ ಕಡೆ ತಿರುಗಿದ.

"ಕುರಿ ಕುಂಟಿದ್ರೆ ಮೊದ್ಲು ಬಾಯಿ ತೆಗ್ಸಿ ನೋಡ್ತೀನಿ ಕಣೇ," ಎಂದ. "ಅರವತ್ತು ಕುರಿದೂ ನೋಡ್ತೀನಿ. ನನ್ನ ಮಗ್ಳದ್ದು ನೋಡ್ಲಿಲ್ಲ."

ಆಮೇಲೆ ಅಳಲು ಶುರು ಮಾಡಿದ. ಅಣ್ಣ ಅತ್ತಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಹುಡುಗಿ, "ಅಪ್ಪ, ನಂಗೇನೂ ಆಗಿಲ್ಲ, ಶನಿವಾರದ ಹೊತ್ತಿಗೆ ಸರಿ ಹೋಗ್ತೀನಿ," ಎಂದಳು.

ಚಿತ್ರದುರ್ಗದಲ್ಲಿ ಎಕೋ ಮಾಡಿದರು. ಹೃದಯದ ಎಡಭಾಗದ ಒಂದು ಕವಾಟ ಪೂರ್ತಿ ಮುಚ್ಚದೆ ಸ್ವಲ್ಪ ಸೋರುತ್ತಿತ್ತು. ಪರದೆಯ ಮೇಲೆ ಅದು ಒಂದು ಸಣ್ಣ ನೀಲಿ ಬಣ್ಣದ ಚಿಮ್ಮು, ಪ್ರತಿ ಬಡಿತಕ್ಕೂ ಒಮ್ಮೆ. ಅಣ್ಣ, ಅತ್ತಿಗೆ, ನಾನು ಮೂವರೂ ನಿಂತು ನೋಡಿದೆವು. ಹುಡುಗಿಯನ್ನು ಅಲ್ಲೇ ಸೇರಿಸಿಕೊಂಡರು. ಅತ್ತಿಗೆ ಜೊತೆಗೆ ಉಳಿದಳು. ಔಷಧಿಗೆ ಕೀಲು ನೋವು ಎರಡೇ ದಿನಕ್ಕೆ ಹೋಯಿತು, ಉಸಿರು ಹತೋಟಿಗೆ ಬರಲು ಎರಡು ವಾರ ಹಿಡಿಯಿತು. ಶನಿವಾರದ ಆಟ ಅವಳಿಲ್ಲದೆ ನಡೆಯಿತು. ನಮ್ಮ ಶಾಲೆಯವರು ಸೋತರು. ಅದೊಂದು ಸುದ್ದಿಗೆ ಅವಳು ಆಸ್ಪತ್ರೆಯ ಹಾಸಿಗೆಯ ಮೇಲೆ ಕುಳಿತು ಖುಷಿಪಟ್ಟಳು.

ಊರಿಗೆ ವಾಪಸು ಬಂದ ಮೇಲೆ ಒಂದು ದಿನ ಡಾಕ್ಟರಮ್ಮ ಒಬ್ಬರೇ ಇದ್ದಾಗ ಕೇಳಿದೆ. "ಮೇಡಂ, ಆ ಒಂಬತ್ತು ದಿನ ತಡ ಆಗದೆ ಇದ್ದಿದ್ರೆ ಕವಾಟ ಉಳೀತಿತ್ತಾ?"

"ಹೇಳಕ್ಕಾಗಲ್ಲ," ಎಂದರು. "ಮೊದಲೇ ತಗುಲಿದ್ದರೂ ಇರಬಹುದು. ಗಂಟಲು ನೋವು ಇದ್ದಾಗಲೇ ತೋರಿಸಿ ಸರಿಯಾದ ಮಾತ್ರೆ ಕೊಟ್ಟಿದ್ದರೆ ಬಹುಶಃ ಇಷ್ಟೆಲ್ಲ ಆಗ್ತಿರಲಿಲ್ಲ. ಆದರೆ ಆಗ ಯಾರು ಕೇಳ್ತಾರೆ? ಉಪ್ಪುನೀರು ಮುಕ್ಕಳಿಸಿ ಸುಮ್ಮನಾಗ್ತಾರೆ."

ಉಪ್ಪುನೀರು ಎಂದು ಅವರು ಸುಮ್ಮನೆ ಬಾಯಿಗೆ ಬಂದದ್ದನ್ನು ಹೇಳಿದರು. ಫೋನಿನ ವಿಷಯ ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. "ಹೌದು ಮೇಡಂ," ಎಂದು ಇಪ್ಪತ್ತೆರಡು ಮೆಟ್ಟಿಲು ಹತ್ತಿ ಬಂದೆ. ಕಾಲಿನ ತಪ್ಪಿಗೆ ಹೋದದ್ದು ಒಂಬತ್ತು ದಿನ, ಫೋನಿನಲ್ಲಿ ಆಡಿದ ಬಾಯಿಯ ತಪ್ಪಿಗೆ ಹೋದದ್ದು ಕವಾಟ. ಅವತ್ತು ಸಂಜೆಯವರೆಗೆ ಬಂದವರ ಮೇಲೆಲ್ಲ ಸಿಡುಕಿದೆ. ಸಕ್ಕರೆ ಪರೀಕ್ಷೆಗೆ ಬಂದ ಮೇಷ್ಟ್ರೊಬ್ಬರು ಬೇಜಾರು ಮಾಡಿಕೊಂಡರು.

ಅಂದಿನಿಂದ ಕಾಲಿನ ಅಂಗಡಿ ಮುಚ್ಚಿದೆ. ಜನ ಸುಲಭಕ್ಕೆ ಒಪ್ಪಲಿಲ್ಲ. ಮಗುವಿಗೆ ಹೀಗಾಗಿದ್ದಕ್ಕೂ ನಮ್ಮ ಸೊಂಟಕ್ಕೂ ಏನು ಸಂಬಂಧ ಎಂದು ವಾದಿಸಿದರು, ಅದೂ ನ್ಯಾಯವೇ. ಹೊಳಲ್ಕೆರೆಯಿಂದ ನಮ್ಮ ದೂರದ ಸಂಬಂಧಿಕರೊಬ್ಬರು ಸೊಂಟ ಹಿಡಿದುಕೊಂಡು, ತೆಂಗಿನಕಾಯಿ ಹಿಡಿದುಕೊಂಡು ಬಂದರು. ವಯಸ್ಸು ಅರವತ್ತರ ಮೇಲೆ. ನಾನು ಅವರನ್ನು ಕೂರಿಸಿ, ಮೂರು ವಾರದ ಹಿಂದೆ ಗಂಟಲು ನೋವು ಬಂದಿತ್ತಾ, ಜ್ವರ ಬಂದಿತ್ತಾ, ನೋವು ಜಾಗ ಬದಲಿಸುತ್ತಿದೆಯಾ ಎಂದು ವಿಚಾರಿಸಿದೆ. ಅವರು ಅಡಿಕೆ ಮೂಟೆ ಎತ್ತಿದ್ದೆ ಎಂದರು. ಬಾಯಿ ತೆಗೆಯಿರಿ ಎಂದೆ. ತೆಗೆದರು. ಇವಳ ತಲೆ ಒಂದು ಸಲ ತೋರಿಸಿ ಎಂದು ಅವ್ವನಿಗೆ ಹೇಳಿ, ತೆಂಗಿನಕಾಯಿ ವಾಪಸು ತಗೊಂಡು ಹೋದರು.

ಅವ್ವ ಸೋಲುವವಳಲ್ಲ. "ನಿನ್ನ ಕಾಲೇನು ಸುಳ್ಳಲ್ಲ," ಎಂದು ಒಂದು ತಿಂಗಳು ಹಟ ಮಾಡಿದಳು. "ಮೊಣಕಾಲು ಬಿಡ್ತೋ ಇಲ್ವೋ?" ಒಂದು ಭಾನುವಾರ ನಾನು ಹೋದಾಗ ಜಗಲಿಯ ಮೇಲೆ ಯಾರೂ ಇರಲಿಲ್ಲ. ಇಬ್ಬರು ಬಂದಿದ್ದರಂತೆ, ಅವ್ವನೇ ವಾಪಸು ಕಳಿಸಿದ್ದಳು. ಕಾರಣವನ್ನು ಅವಳಾಗಿಯೇ ಹೇಳಿದಳು, ರೊಟ್ಟಿ ತಟ್ಟುತ್ತಲೇ, ನನ್ನ ಮುಖ ನೋಡದೆ: "ಅಟ್ಟಿಸ್ಕಂಡು ಹೋಗು ಅಂದೋಳು ನಾನೇ ಅಲ್ವೇನೇ. ಎದೆ ತಂಕ ಅಟ್ಟಿಸಿದ್ವಿ." ನಾನು ಅವಳ ಪಕ್ಕ ಕುಳಿತು ರೊಟ್ಟಿ ತಿರುವಿ ಹಾಕಿದೆ.

ಆ ಬ್ಯಾಕ್ಟೀರಿಯಾ ಇನ್ನೊಮ್ಮೆ ಗಂಟಲಿಗೆ ಬಂದರೆ ಕವಾಟ ಇನ್ನಷ್ಟು ಕೆಡುತ್ತದೆ. ಬರದಂತೆ ತಡೆಯಲು ಹುಡುಗಿಗೆ ಇಪ್ಪತ್ತೊಂದು ದಿನಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಬೀಳಬೇಕು. ಒಂದು ವರ್ಷವಲ್ಲ, ಎರಡಲ್ಲ. ಇಪ್ಪತ್ತೊಂದು ವಯಸ್ಸಿನವರೆಗೆ ಗ್ಯಾರಂಟಿ, ಆಮೇಲಿನದ್ದನ್ನು ಆಮೇಲೆ ನೋಡೋಣ ಎಂದಿದ್ದಾರೆ ಡಾಕ್ಟರಮ್ಮ. ಆ ಔಷಧಿ ಗಟ್ಟಿ, ದಪ್ಪ ಸೂಜಿ ಬೇಕು, ಸೊಂಟದ ಕೆಳಗೆ ಚುಚ್ಚುತ್ತಾರೆ. ದೊಡ್ಡ ಗಂಡಸರು ಅದಕ್ಕೆ ಕೂಗಿಕೊಂಡದ್ದನ್ನು ನಾನು ಮಹಡಿಯ ಮೇಲಿನಿಂದ ಕೇಳಿದ್ದೇನೆ. ಇವಳು ಕೂಗುವುದಿಲ್ಲ. ಹಲ್ಲು ಕಚ್ಚಿಕೊಂಡು ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ಇಪ್ಪತ್ತೊಂದು ದಿನ ಎಣಿಸುತ್ತಾಳೆ.

ಐದನೆಯದೋ ಆರನೆಯದೋ ಚುಚ್ಚುಮದ್ದಿನ ದಿನ. ಅಷ್ಟರಲ್ಲಿ ಮೆಟ್ಟಿಲು ಹತ್ತಲು ಅಪ್ಪಣೆ ಸಿಕ್ಕಿತ್ತು, ಓಡಲು ಸಿಕ್ಕಿರಲಿಲ್ಲ. ಅಣ್ಣ ಕೆಳಗೆ ಔಷಧಿ ಅಂಗಡಿಯಲ್ಲಿದ್ದ. ಇವಳು ಚುಚ್ಚಿಸಿಕೊಂಡು ಒಂದು ಕಾಲೆಳೆಯುತ್ತ, ಮಧ್ಯೆ ಒಮ್ಮೆ ನಿಂತು, ಮೇಲೆ ಬಂದಳು. ನಾನು ಕುರ್ಚಿ ಎಳೆದು ಕೊಟ್ಟೆ. ಅವಳು ಕೂರದೆ ರಕ್ತ ಕೊಡುವವರು ಮಲಗುವ ಬೆಂಚಿನ ಮೇಲೆ ಬೋರಲು ಮಲಗಿದಳು.

"ಅತ್ತೆ, ಕಾಲಿಡು."

"ಹುಚ್ಚಿ, ಅದ್ರಿಂದ ಏನೂ ಆಗಲ್ಲ ಕಣೇ."

"ನಂಗೆ ಗೊತ್ತೈತೆ," ಎಂದಳು ಬೆಂಚಿಗೆ ಮುಖ ಒತ್ತಿಕೊಂಡು. "ನೋಯ್ತೈತೆ. ಇಡು."

ನಾನು ಸಿಂಕಿನ ಹತ್ತಿರ ಹೋಗಿ ಎಡಗಾಲು ತೊಳೆದುಕೊಂಡೆ. ಭಾನುವಾರ ಅಲ್ಲ, ಗುರುವಾರವೂ ಅಲ್ಲ, ಹೊಟ್ಟೆ ತುಂಬ ತಿಂದಿದ್ದೆ. ಸ್ಟೂಲು ಹಿಡಿದುಕೊಂಡು, ಸೂಜಿ ಚುಚ್ಚಿದ ಜಾಗ ತಪ್ಪಿಸಿ, ಅದರ ಪಕ್ಕದಲ್ಲಿ ಭಾರ ಬಿಡದೆ ಪಾದ ಇಟ್ಟೆ. ಒಂದು ಸಲ. ಎರಡು ಸಲ. ಮಾತಾಡುವ ಹಾಗಿಲ್ಲ ಎನ್ನುವ ಕಟ್ಟುಪಾಡು ಇದ್ದದ್ದು ಒಳ್ಳೆಯದಾಯಿತು. ಮೂರನೆಯ ಸಲ ಇಟ್ಟು ಕೆಳಗಿಳಿಸಿದೆ.

ಆಮೇಲೆ ಬೆಂಚಿನ ತುದಿಗೆ ಹೋಗಿ ಬಗ್ಗಿ, ಅವಳ ಎರಡೂ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡೆ.

ಅವಳು ಗಾಬರಿಯಿಂದ ಕಾಲು ಎಳೆದುಕೊಂಡಳು. "ಏ ಅತ್ತೆ, ಏನು ಮಾಡ್ತಿದೀಯ? ನಾನು ಚಿಕ್ಕೋಳು!"

"ಮಾತಾಡಬಾರ್ದು," ಎಂದೆ.